ಡ್ರೈವರ್ ಬಾಲ್ ಬಲಕ್ಕೆ ಹೋಗುತ್ತಿದ್ದರೆ ಸ್ಟಿಫ್ ಶಾಫ್ಟ್ ಹಾಕಿಸಬೇಕೇ?

ಪ್ರಶ್ನೆ: ನನಗೆ 46 ವರ್ಷ, ಊರು ಮೈಸೂರು. ಆರು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 19. ಬಲಗೈ ಆಟಗಾರ. ಡ್ರೈವರ್ (ಮೊದಲ ಉದ್ದ ಹೊಡೆತದ ಕ್ಲಬ್) ಐದು ವರ್ಷ ಹಳೆಯದು, 10.5 ಡಿಗ್ರಿ, ಶಾಫ್ಟ್ ಅಂದರೆ ಕೋಲು ರೆಗ್ಯುಲರ್. ಹತ್ತು ಹೊಡೆದರೆ ಆರೇಳು ಬಾಲ್ ಬಲಕ್ಕೆ ತಿರುಗಿ ಹೋಗುತ್ತವೆ, ಎಡಕ್ಕಂತೂ ಹೋಗುವುದೇ ಇಲ್ಲ. ಜೊತೆಗೆ ಆಡುವವರು "ನಿಮ್ಮ ಸ್ವಿಂಗ್ ಜೋರು, ರೆಗ್ಯುಲರ್ ತಡೆಯಲ್ಲ, ಸ್ಟಿಫ್ (ಗಡಸು) ಹಾಕಿಸಿ" ಅನ್ನುತ್ತಾರೆ. ಹೋದ ತಿಂಗಳು ಬೆಂಗಳೂರಿನ ಒಂದು ಇಂಡೋರ್ ಸಿಮ್ಯುಲೇಟರ್‌ಗೆ ಹೋಗಿದ್ದೆ. ಮೊದಲು ನನ್ನ ಡ್ರೈವರ್‌ನಲ್ಲಿ ಹೊಡೆಸಿದರು, ಆಮೇಲೆ 65 ಗ್ರಾಂ ಸ್ಟಿಫ್ ಶಾಫ್ಟ್ ಇದ್ದ ಹೊಸ ಡ್ರೈವರ್ ಕೊಟ್ಟರು. ಕ್ಲಬ್ ವೇಗ ಎರಡರಲ್ಲೂ ಗಂಟೆಗೆ 93 ಮೈಲಿ ಆಸುಪಾಸು. ಹೊಸದು 17 ಗಜ ಜಾಸ್ತಿ ಹೋಯಿತು ಅಂತ ತೆರೆ ಮೇಲೆ ಬಂತು. ಡಲ್ಲಾಸ್‌ನಲ್ಲಿರುವ ಭಾವಮೈದ ಮುಂದಿನ ತಿಂಗಳು ಬರುತ್ತಾನೆ. ಅವನ ಕೈಲಿ ಅದೇ ಡ್ರೈವರ್ ತರಿಸಲೇ? ಇಲ್ಲಾ ಹಳೆಯದಕ್ಕೇ ಶಾಫ್ಟ್ ಮಾತ್ರ ಬದಲಾಯಿಸಲೇ? ಇನ್ನೊಂದು: ಗೆಳೆಯರ ಹೊಸ 7 ಐರನ್ (ಡ್ರೈವರ್‌ಗಿಂತ ಗಿಡ್ಡ ಕ್ಲಬ್) ನನ್ನದಕ್ಕಿಂತ 20 ಗಜ ಮುಂದೆ ಹೋಗುತ್ತೆ. ಐರನ್ ಸೆಟ್ಟೂ ಬದಲಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಾಲ್ ಬಲಕ್ಕೆ ಹೋಗುತ್ತಿದೆ ಅನ್ನುವುದು ಒಂದು. ಹೊಸ ಡ್ರೈವರ್‌ನಲ್ಲಿ ದೂರ ಜಾಸ್ತಿ ಬಂತು ಅನ್ನುವುದು ಇನ್ನೊಂದು. ಎರಡಕ್ಕೂ ಸ್ಟಿಫ್ ಶಾಫ್ಟೇ ಮದ್ದು ಅಂತ ನಿಮಗೆ ಅನ್ನಿಸಿಬಿಟ್ಟಿದೆ. ಕ್ಲಬ್ ಫಿಟ್ಟಿಂಗ್‌ಗೆ ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಇದೇ ಮಾತು ಹಿಡಿದುಕೊಂಡು ಬರುತ್ತಾರೆ. ನೇರವಾಗಿ ಹೇಳುತ್ತೇನೆ: ಬಲಕ್ಕೆ ಹೋಗುವ ಬಾಲನ್ನು ಸ್ಟಿಫ್ ಶಾಫ್ಟ್ ಸರಿ ಮಾಡುವುದು ಅಪರೂಪ. ಎಷ್ಟೋ ಜನರಿಗೆ ಅದರಿಂದ ಬಾಲ್ ಇನ್ನಷ್ಟು ಬಲಕ್ಕೆ ಹೋಗುತ್ತದೆ. ಆ 17 ಗಜದಲ್ಲಿ ಸ್ವಲ್ಪ ನಿಜ ಇರಬಹುದು. ಅದು ಶಾಫ್ಟಿನಿಂದ ಬಂದದ್ದಾ ಅನ್ನುವುದನ್ನು ಮಾತ್ರ ನೋಡಬೇಕು.

ಮೊದಲು ಆ ಅಕ್ಷರದ ವಿಷಯ. ಶಾಫ್ಟ್ ಮೇಲೆ ಎಲ್, ಎ, ಆರ್ (ರೆಗ್ಯುಲರ್), ಎಸ್ (ಸ್ಟಿಫ್), ಎಕ್ಸ್ ಅಂತ ಮೆದುವಿನಿಂದ ಗಡಸಿಗೆ ಬರೆದಿರುತ್ತಾರಲ್ಲ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಯಾವುದೂ ಇಲ್ಲ. ಕ್ಲಬ್ ತಲೆ ಎಷ್ಟು ದೊಡ್ಡದಿರಬಹುದು, ಉದ್ದ ಎಷ್ಟಿರಬಹುದು ಅಂತೆಲ್ಲ ಆಟದ ನಿಯಮದಲ್ಲಿದೆ. ಯಾವುದನ್ನು ರೆಗ್ಯುಲರ್ ಅನ್ನಬೇಕು, ಯಾವುದನ್ನು ಸ್ಟಿಫ್ ಅನ್ನಬೇಕು ಅನ್ನುವುದು ಎಲ್ಲೂ ಇಲ್ಲ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಒಂದು ಕಂಪನಿಯ 8 ನಂಬರ್ ಚಪ್ಪಲಿ ಇನ್ನೊಂದು ಕಂಪನಿಯ 9ಕ್ಕೆ ಸಮ ಬರುವ ಹಾಗೆ.

ನಾವು ಅಕ್ಷರ ನೋಡುವುದಿಲ್ಲ, ಅಳೆದು ನೋಡುತ್ತೇವೆ. ಕ್ಲಬ್ಬಿನ ಗ್ರಿಪ್ ತುದಿಯನ್ನು ಕ್ಲ್ಯಾಂಪಿನಲ್ಲಿ ಬಿಗಿಯಾಗಿ ಹಿಡಿಸಿ, ತಲೆಯನ್ನು ಒಂದಿಷ್ಟು ಎಳೆದು ಬಿಟ್ಟರೆ ಅದು ಮೇಲೆ ಕೆಳಗೆ ಕಂಪಿಸುತ್ತದೆ. ನಿಮಿಷಕ್ಕೆ ಎಷ್ಟು ಸಲ ಅಂತ ಯಂತ್ರ ಎಣಿಸುತ್ತದೆ. ಸಿಪಿಎಂ ಅನ್ನುವುದು ಅದನ್ನೇ. ಸಂಖ್ಯೆ ಜಾಸ್ತಿ ಇದ್ದಷ್ಟೂ ಶಾಫ್ಟ್ ಗಟ್ಟಿ. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ಸುಮಾರು 10 ಸಿಪಿಎಂ ವ್ಯತ್ಯಾಸ ಅಂತ ಒಂದು ರೂಢಿಯ ಲೆಕ್ಕ ಇದೆ. ಎರಡು ಕಂಪನಿಗಳ "ಆರ್" ಶಾಫ್ಟ್‌ಗಳ ನಡುವೆಯೇ ಅಷ್ಟು ವ್ಯತ್ಯಾಸ ಬರುವುದುಂಟು. ಜಪಾನ್ ಮಾರುಕಟ್ಟೆಗೆ ಅಂತ ಮಾಡಿದ ಕ್ಲಬ್‌ಗಳ "ಎಸ್" ಸಾಮಾನ್ಯವಾಗಿ ಅಮೆರಿಕದ "ಎಸ್"ಗಿಂತ ಹಗುರ, ಮೆದು. ಅಲ್ಲಿ ಆರ್‌ಗೂ ಎಸ್‌ಗೂ ನಡುವೆ "ಎಸ್‌ಆರ್" ಅಂತ ಇನ್ನೊಂದು ಮೆಟ್ಟಿಲೇ ಇದೆ. ಸಿಪಿಎಂ ಹೇಳುವುದೂ ಗ್ರಿಪ್ ಕಡೆಯ ಗಟ್ಟಿತನ ಮಾತ್ರ. ಅದೇ ಸಿಪಿಎಂ ಇರುವ ಎರಡು ಶಾಫ್ಟ್‌ಗಳಲ್ಲಿ ಒಂದರ ತುದಿ ಮೆದು, ಇನ್ನೊಂದರ ತುದಿ ಗಡಸು ಇರಬಹುದು. ಹಾಗಾಗಿ "ರೆಗ್ಯುಲರ್ ತಡೆಯಲ್ಲ" ಅನ್ನುವ ಮಾತಿಗೆ, ನಿಮ್ಮ ಶಾಫ್ಟ್ ಅಳೆದು ನೋಡುವ ತನಕ, ಅರ್ಥವೇ ಇಲ್ಲ.

ಇನ್ನು ಸ್ಟಿಫ್ ಶಾಫ್ಟ್ ಬಾಲನ್ನು ಏನು ಮಾಡುತ್ತದೆ ಅನ್ನುವುದು. ಕ್ಲಬ್ ಕೆಳಗೆ ಬರುವಾಗ ಶಾಫ್ಟ್ ಮೊದಲು ಹಿಂದಕ್ಕೆ ಬಾಗುತ್ತದೆ, ಅದು ನಮಗೆಲ್ಲ ಕಾಣುವ ಬಾಗು. ಬಾಲಿಗೆ ತಗಲುವ ಹೊತ್ತಿಗೆ ಮಾತ್ರ ಅದು ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ತಲೆಯ ಭಾರ ಶಾಫ್ಟಿನ ನೇರಕ್ಕೆ ಇರದೆ ಹಿಂದೆ ಇರುವುದರಿಂದ, ವೇಗದಲ್ಲಿ ಆ ಭಾರ ಕೈಯ ನೇರಕ್ಕೆ ಬರಲು ಎಳೆಯುತ್ತದೆ, ತಲೆ ಮುಂದಕ್ಕೆ ಚಾಚುತ್ತದೆ. ಇದರಿಂದ ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಸ್ವಲ್ಪ ಹೆಚ್ಚುತ್ತದೆ, ಫೇಸ್ (ಬಾಲಿಗೆ ತಗಲುವ ಮುಖ) ಸ್ವಲ್ಪ ಮುಚ್ಚುತ್ತದೆ, ಅಂದರೆ ಎಡಕ್ಕೆ ನೋಡುತ್ತದೆ. ಮೆದು ಶಾಫ್ಟ್‌ನಲ್ಲಿ ಇದು ಜಾಸ್ತಿ, ಗಡಸು ಶಾಫ್ಟ್‌ನಲ್ಲಿ ಕಡಿಮೆ. ಬಾಲ್ ಬಲಕ್ಕೆ ಹೋಗುವವನಿಗೆ ಬೇಕಾಗಿರುವುದು ಮುಚ್ಚುವ ಫೇಸ್. ಸ್ಟಿಫ್ ಶಾಫ್ಟ್ ಕೊಡುವುದು ಅದರ ಉಲ್ಟಾ. ಈ ಪರಿಣಾಮ ದೊಡ್ಡದಲ್ಲ, ಆಟಗಾರನಿಂದ ಆಟಗಾರನಿಗೆ ಬದಲಾಗುತ್ತದೆ. ಆದರೆ ದಿಕ್ಕು ಯಾವುದು ಅಂತ ಕೇಳಿದರೆ, ನಿಮ್ಮ ಗೆಳೆಯರು ಹೇಳಿದ ದಿಕ್ಕಲ್ಲ.

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಮೇಲಿಂದ ಕೆಳಕ್ಕೆ ತಿರುಗುವಾಗ ಜೋರಾಗಿ ಎಳೆಯುವ, ವೇಗವೂ ಇರುವ ಆಟಗಾರನಿಗೆ ಶಾಫ್ಟ್ ತೀರಾ ಮೆದುವಾದರೆ ತಲೆ ಎಲ್ಲಿದೆ ಅನ್ನುವ ಅಂದಾಜೇ ತಪ್ಪುತ್ತದೆ. ಅಂಥವರ ಬಾಲ್ ಎರಡೂ ಕಡೆ ಚೆದುರುತ್ತದೆ. ಒಂದು ಬಲಗಡೆ ಮರದ ಹಿಂದೆ, ಇನ್ನೊಂದು ಎಡಗಡೆ ಪೊದೆಯೊಳಗೆ. ನೀವು "ಎಡಕ್ಕಂತೂ ಹೋಗುವುದೇ ಇಲ್ಲ" ಅಂತ ಬರೆದಿದ್ದೀರಿ. ಆ ಒಂದು ಸಾಲು ಬಹಳ ಉಪಯೋಗಕ್ಕೆ ಬಂತು. ಒಂದೇ ಕಡೆಗೆ ಹೋಗುವ ಬಾಲ್ ನೋಡಿದರೆ ನಾನು ಶಾಫ್ಟಿನ ಗಟ್ಟಿತನವನ್ನು ಕೊನೆಗೆ ನೋಡುತ್ತೇನೆ. ಮೊದಲು ಫೇಸ್, ಆಮೇಲೆ ಬಾಲ್ ತಗಲುವ ಜಾಗ, ಆಮೇಲೆ ಉದ್ದ, ತೂಕ.

ಬಾಲ್ ಯಾಕೆ ಬಲಕ್ಕೆ ಹೋಗುತ್ತದೆ

ಡ್ರೈವರ್‌ನಲ್ಲಿ ಬಾಲ್ ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಶೇ. 85ರಷ್ಟು ಫೇಸೇ ತೀರ್ಮಾನಿಸುತ್ತದೆ. ಆಮೇಲೆ ಅದು ಎತ್ತ ತಿರುಗುತ್ತದೆ ಅನ್ನುವುದು, ಕ್ಲಬ್ ಸಾಗುವ ದಾರಿಗೂ ಫೇಸ್ ನೋಡುವ ದಿಕ್ಕಿಗೂ ನಡುವೆ ಇರುವ ವ್ಯತ್ಯಾಸದ ಮೇಲಿದೆ. ದಾರಿ ಎಡಕ್ಕೆ, ಫೇಸ್ ಅದಕ್ಕಿಂತ ಬಲಕ್ಕೆ ಇದ್ದರೆ ಬಾಲ್ ಬಲಕ್ಕೆ ತಿರುಗುತ್ತದೆ. ಅದೇ ಸ್ಲೈಸ್.

ಇದರ ಜೊತೆಗೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಬಾಲ್ ಫೇಸಿನ ನಡುವಿಗೆ ತಗಲದೆ ಹೀಲ್ ಕಡೆಗೆ, ಅಂದರೆ ಶಾಫ್ಟ್ ಇರುವ ಕಡೆಗೆ ತಗಲಿದರೆ, ತಲೆ ಆ ಕ್ಷಣದಲ್ಲಿ ತಿರುಗಿ ಬಾಲಿಗೆ ಬಲಕ್ಕೆ ತಿರುಗುವ ಸ್ಪಿನ್ ಕೊಡುತ್ತದೆ. ಟೋ ಕಡೆಗೆ, ಅಂದರೆ ಅದರ ಎದುರು ತುದಿಗೆ ತಗಲಿದರೆ ಎಡಕ್ಕೆ ತಿರುಗುವ ಸ್ಪಿನ್. ಸ್ವಿಂಗ್ ಅಷ್ಟೇನೂ ಕೆಟ್ಟಿಲ್ಲದಿದ್ದರೂ ಬರೀ ಹೀಲ್ ಹೊಡೆತದಿಂದಲೇ ಬಾಲ್ ಚೆನ್ನಾಗಿ ಬಲಕ್ಕೆ ಹೋಗಬಹುದು.

ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಡ. ಒಂದು ವೈಟ್‌ಬೋರ್ಡ್ ಮಾರ್ಕರ್ ತೆಗೆದುಕೊಳ್ಳಿ, ನೀಲಿಯದ್ದಾದರೆ ಚೆನ್ನ. ಬಾಲಿನ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದಾಗಿ ದಟ್ಟ ಚುಕ್ಕೆ ಹಾಕಿ. ಆ ಚುಕ್ಕೆ ಕ್ಲಬ್ ಫೇಸ್ ಕಡೆಗೆ ಬರುವ ಹಾಗೆ ಟೀ (ಬಾಲ್ ಇಡುವ ಮೊಳೆ) ಮೇಲೆ ಇಡಿ. ಹೊಡೆದ ತಕ್ಷಣ ಫೇಸ್ ನೋಡಿದರೆ ತಗಲಿದ ಜಾಗದಲ್ಲಿ ನೀಲಿ ಗುರುತು ಕೂತಿರುತ್ತದೆ. ಅಳಿಸದೆ ಫೋಟೊ ತೆಗೆದುಕೊಳ್ಳಿ, ಬಾಲ್ ಎತ್ತ ಹೋಯಿತು ಅಂತ ಬರೆದುಕೊಳ್ಳಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹತ್ತು ಬಾಲ್ ಸಾಕು. ಚೆನ್ನಾಗಿ ಹೊಡೆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಹತ್ತನ್ನೂ ಹಿಡಿಯಿರಿ.

ಸ್ಲೈಸ್ ಅಂತ ಬರುವವರಲ್ಲಿ ಹೆಚ್ಚು ಜನರ ಗುರುತುಗಳು ಹೀಲ್ ಕಡೆ ಒಂದರ ಮೇಲೊಂದು ಕೂತಿರುತ್ತವೆ. ಕೆಲವರದ್ದು ಹೀಲ್‌ನಲ್ಲಿ, ಅದರಲ್ಲೂ ಕೆಳಗೆ. ಅಲ್ಲಿ ತಗಲಿದರೆ ದೂರವೂ ಇಳಿಯಿತು, ಸ್ಪಿನ್ನೂ ಏರಿತು. ನಿಮ್ಮದು ಹೀಗೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಕ್ಲಬ್ಬಿನ ಉದ್ದವನ್ನು.

ಇವತ್ತು ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು 45.5, 45.75 ಇಂಚು ಇರುತ್ತವೆ. ನಿಯಮ ಒಪ್ಪುವ ಮಿತಿ 48 ಇಂಚು. 2022ರಿಂದ ದೊಡ್ಡ ಟೂರ್ನಿಗಳು ಬೇಕಿದ್ದರೆ 46ಕ್ಕೆ ಇಳಿಸಬಹುದು ಅಂತ ಅವಕಾಶ ಕೊಟ್ಟಿದ್ದಾರೆ. ಆದರೆ ವೃತ್ತಿಪರ ಆಟಗಾರರಲ್ಲಿ ಎಷ್ಟೋ ಜನ 45 ಇಂಚಿನ ಸುತ್ತಮುತ್ತಲೇ ಇರುತ್ತಾರೆ. ದಿನಾ ಆಡುವ ಅವರೇ ಚಿಕ್ಕದು ಹಿಡಿಯುವಾಗ, ವಾರಕ್ಕೊಮ್ಮೆ ಆಡುವ ನಮ್ಮ ಕೈಗೆ ಉದ್ದದ್ದು ಯಾಕೆ? ಉದ್ದ ಕ್ಲಬ್ ಮಾರಾಟಕ್ಕೆ ಒಳ್ಳೆಯದು, ನಡುವಿಗೆ ತಗಲಿದ ಆ ಒಂದು ಬಾಲ್ ಜೋರಾಗಿ ಹೋಗುತ್ತದೆ. ಉಳಿದ ಒಂಬತ್ತನ್ನು ಅಂಗಡಿಯಲ್ಲಿ ಯಾರೂ ಎಣಿಸುವುದಿಲ್ಲ.

ಪರೀಕ್ಷೆ ಬಹಳ ಸುಲಭ. ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು, ಮಾರ್ಕರ್ ಹಾಕಿದ ಹತ್ತು ಬಾಲ್ ಹೊಡೆಯಿರಿ. ಹಿಡಿಯುವ ಜಾಗ ಮರೆಯದಿರಲು ಗ್ರಿಪ್ ಮೇಲೆ ಒಂದು ಚೂರು ಟೇಪ್ ಅಂಟಿಸಿ. ಗುರುತುಗಳು ನಡುವಿಗೆ ಸರಿದರೆ ನಿಮ್ಮ ಸಮಸ್ಯೆಯ ದೊಡ್ಡ ಪಾಲು ಅಲ್ಲೇ ಸಿಕ್ಕಿತು. ದುಡ್ಡು ಒಂದು ಪೈಸೆ ಖರ್ಚಾಗಿಲ್ಲ.

ಗುರುತು ನಡುವಿನಲ್ಲೇ ಇದ್ದು ಬಾಲ್ ಆದರೂ ಬಲಕ್ಕೆ ಹೋಗುತ್ತಿದ್ದರೆ ವಿಷಯ ಫೇಸ್‌ದು. ಆಗ ಒಬ್ಬರನ್ನು ನಿಮ್ಮ ಹಿಂದೆ, ಗುರಿಯ ನೇರಕ್ಕೆ ನಿಲ್ಲಿಸಿ ಫೋನಿನಲ್ಲಿ ತೆಗೆಸಿ. ಬಾಲ್ ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ದಾರಿಯೇ ತೀರಾ ಎಡಕ್ಕಿದೆ. ಹೊರಡುವಾಗಲೇ ಬಲಕ್ಕೆ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಫೇಸ್ ತೆರೆದೇ ಬರುತ್ತಿದೆ. ಮೊದಲನೆಯದಕ್ಕೆ ಕೋಚ್ ಬೇಕು, ಅದಕ್ಕೆ ಯಾವ ಶಾಫ್ಟೂ ಸಾಲದು. ಎರಡನೆಯದಕ್ಕೆ ಕ್ಲಬ್ಬಿನಿಂದಲೂ ಸ್ವಲ್ಪ ಸಹಾಯ ಸಿಗುತ್ತದೆ. ಕೈ ಹಿಡಿತ ಒಮ್ಮೆ ಕೋಚ್‌ಗೆ ತೋರಿಸಿ. ಹಾಗೇ ಗ್ರಿಪ್ಪಿನ ದಪ್ಪವನ್ನೂ ನೋಡಿಸಿ. ಐದು ವರ್ಷದ ಗ್ರಿಪ್ ಬಿಸಿಲಿಗೆ, ಬೆವರಿಗೆ ಗಟ್ಟಿಯಾಗಿ ಜಾರುತ್ತಿರುತ್ತದೆ. ಜಾರುವ ಗ್ರಿಪ್ಪನ್ನು ಕೈ ತಾನಾಗಿ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದ ಕೈಯಲ್ಲಿ ಫೇಸ್ ಮುಚ್ಚುವುದು ಕಷ್ಟ.

ಆ 17 ಗಜ

ಈಗ ತೆರೆಯ ಮೇಲೆ ಬಂದ ಲೆಕ್ಕಕ್ಕೆ ಬರೋಣ. ಡ್ರೈವರ್ ಫೇಸ್ ಎಷ್ಟು ಪುಟಿಯಬಹುದು ಅನ್ನುವುದಕ್ಕೆ ನಿಯಮದಲ್ಲಿ ಮಿತಿ ಇದೆ. ಕಂಪನಿಗಳು ಆ ಮಿತಿಯನ್ನು ಮುಟ್ಟಿ ಸುಮಾರು ಎರಡು ದಶಕ ಆಯಿತು. ಅಂದರೆ ನಡುವಿಗೆ ತಗಲಿದಾಗ ನಿಮ್ಮ ಐದು ವರ್ಷದ ಡ್ರೈವರೂ ಹೊಸದೂ ಹೆಚ್ಚು ಕಡಿಮೆ ಒಂದೇ. ಹೊಸದು ಗೆಲ್ಲುವುದು ನಡು ತಪ್ಪಿದಾಗ, ಅಲ್ಲಿ ವೇಗ ಕಡಿಮೆ ಕಳೆದುಹೋಗುತ್ತದೆ.

ಕ್ಲಬ್ ವೇಗ 93 ಮೈಲಿ ಇದ್ದಾಗ ಬಾಲ್ ವೇಗ ಹೆಚ್ಚೆಂದರೆ ಅದರ ಒಂದೂವರೆ ಪಟ್ಟು, ಸುಮಾರು 139 ಮೈಲಿ. ಅದಕ್ಕಿಂತ ಮೇಲೆ ತೋರಿಸಿದ್ದರೆ ಯಂತ್ರವೇ ಸರಿ ಓದಿಲ್ಲ. ಬಾಲ್ ವೇಗ ಗಂಟೆಗೆ 1 ಮೈಲಿ ಏರಿದರೆ ಸುಮಾರು 2 ಗಜ ದೂರ ಅನ್ನುವುದು ರೂಢಿಯ ಅಂದಾಜು. ಹಾಗಾದರೆ 17 ಗಜಕ್ಕೆ 8 ಮೈಲಿ ಬೇಕು. ಕ್ಲಬ್ ವೇಗ ಎರಡರಲ್ಲೂ ಒಂದೇ ಅಂತೀರಿ. ಅಂದಮೇಲೆ ಹಳೆಯದರಲ್ಲಿ ಬಾಲ್ ವೇಗ 131ರ ಹತ್ತಿರ ಇತ್ತಾ? ಇದ್ದರೆ ಅದು ನಡು ತಪ್ಪಿದ ಹೊಡೆತದ ಸಂಖ್ಯೆ. ಮತ್ತೆ ಬಂದು ನಿಂತಿದ್ದು ಅದೇ ನೀಲಿ ಗುರುತಿನ ಹತ್ತಿರ. ಬಾಲ್ ವೇಗ ಎರಡರಲ್ಲೂ ಒಂದೇ ಇದ್ದರೆ ಲಾಂಚ್ ಕೋನ, ಸ್ಪಿನ್ ನೋಡಬೇಕು. ನಿಮ್ಮ ವೇಗಕ್ಕೆ ಬಾಲ್ 13, 14 ಡಿಗ್ರಿಯಲ್ಲಿ ಏರಿ, ಸ್ಪಿನ್ ನಿಮಿಷಕ್ಕೆ 2500ರ ಆಸುಪಾಸು ಇದ್ದರೆ ಚೆನ್ನಾಗಿ ಹೋಗುತ್ತದೆ. ನಿಮ್ಮ ಡ್ರೈವರ್‌ನಲ್ಲಿ ಬಾಲ್ ತಗ್ಗಿನಲ್ಲಿ ಹೊರಟು ಸ್ಪಿನ್ 3500 ಬರುತ್ತಿದ್ದರೆ ದೂರ ಕಳೆದುಹೋಗುವುದು ಅಲ್ಲೇ. ಅದನ್ನು ಟೀ ಎತ್ತರ, ಬಾಲ್ ಇಡುವ ಜಾಗ, ಲಾಫ್ಟ್ ಬದಲಿಸಿಯೂ ಸರಿ ಮಾಡಬಹುದು. ಆ ಸಿಮ್ಯುಲೇಟರ್‌ನವರ ಹತ್ತಿರ ನಿಮ್ಮ ಪೂರ್ತಿ ಅಂಕಿಗಳು ಉಳಿದಿರುತ್ತವೆ. ಕೇಳಿ ತರಿಸಿಕೊಳ್ಳಿ. ಕೆಟ್ಟ ಹೊಡೆತಗಳನ್ನು ತೆಗೆದುಹಾಕಿ ಸರಾಸರಿ ಮಾಡಿದ್ದರಾ ಅಂತಲೂ ಕೇಳಿ. ಸುಮಾರು ಕಡೆ ಹಾಗೆ ಮಾಡುತ್ತಾರೆ, ಗಿರಾಕಿಗೂ ಅದೇ ಇಷ್ಟ.

ಇನ್ನೂ ಒಂದು. ನೀವು ಮೊದಲು ಹಳೆಯದು, ಆಮೇಲೆ ಹೊಸದು ಹೊಡೆದಿದ್ದೀರಿ. ಮೈ ಬಿಸಿಯಾದ ಮೇಲೆ ಕೈಗೆ ಬಂದ ಕ್ಲಬ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸದೆ ಹಳೆಯದನ್ನು ಮತ್ತೆ ಹೊಡೆಯಬೇಕಿತ್ತು. ಇಂಡೋರ್‌ನಲ್ಲಿ ಬಾಲ್ ಮೂರು ನಾಲ್ಕು ಮೀಟರ್ ಹಾರಿ ಪರದೆಗೆ ಬಡಿಯುತ್ತದೆ. ಉಳಿದ ದೂರ ಎಲ್ಲ ಲೆಕ್ಕ. ರಾಡಾರ್ ಯಂತ್ರಗಳು ಇಷ್ಟು ಚಿಕ್ಕ ಜಾಗದಲ್ಲಿ ಸ್ಪಿನ್ ಸರಿಯಾಗಿ ಹಿಡಿಯಬೇಕಾದರೆ ಬಾಲಿನ ಮೇಲೆ ಲೋಹದ ಚುಕ್ಕೆ ಅಥವಾ ಅದಕ್ಕೆಂದೇ ಮಾಡಿದ ಬಾಲ್ ಬೇಕು. ಕ್ಯಾಮೆರಾ ಯಂತ್ರಗಳಿಗೆ ಶುಚಿಯಾದ, ಗುರುತು ಇರುವ ಬಾಲ್ ಬೇಕು. ಯಂತ್ರದಲ್ಲಿ ಸಮುದ್ರಮಟ್ಟದಿಂದ ಎತ್ತರ ಎಷ್ಟು ಅಂತ ಹಾಕುವ ಜಾಗವೂ ಇರುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಬಾಲ್ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸಿಗಿಂತ ಶೇ. 3ರಷ್ಟು ಮುಂದೆ ಹೋಗುತ್ತದೆ, 200 ಗಜಕ್ಕೆ ಆರೇಳು ಗಜ. ಮೈಸೂರಿನಲ್ಲೂ ಸ್ವಲ್ಪ ಕಡಿಮೆ ಅಷ್ಟೇ. ಎರಡು ಅಂಗಡಿಗಳ ಅಂಕಿ ಹೋಲಿಸುವಾಗ ಇದು ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಬಿಟ್ಟಿದ್ದರೆ ಲೆಕ್ಕವೇ ತಪ್ಪಾಯಿತು.

ಹಾಗಂತ ಸಿಮ್ಯುಲೇಟರ್ ದಂಡ ಅಲ್ಲ. ನಾನೂ ದಿನಾ ಅದನ್ನೇ ಬಳಸುವುದು. ಹೋಲಿಸುವ ರೀತಿ ಸರಿ ಇರಬೇಕು ಅಷ್ಟೇ. ನಿಮ್ಮ ಡ್ರೈವರ್ ಐದು ಬಾಲ್, ಹೊಸದು ಐದು, ಮತ್ತೆ ನಿಮ್ಮದು ಐದು, ಮತ್ತೆ ಹೊಸದು. ಬಾಲ್ ಒಂದೇ ಥರದ್ದು ಇರಲಿ. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ತಲೆ ಹೊಸದು, ಶಾಫ್ಟ್ ಹೊಸದು, ಲಾಫ್ಟ್ ಬೇರೆ, ಉದ್ದ ಬೇರೆ ಅಂದರೆ ಫಲ ಕೊಟ್ಟದ್ದು ಯಾವುದು ಅಂತ ಯಾರು ಹೇಳಬೇಕು? ಅದೇ ತಲೆಗೆ 50 ಗ್ರಾಂ, 60 ಗ್ರಾಂ, 65 ಗ್ರಾಂ ಶಾಫ್ಟ್ ಹಾಕಿಸಿ ನೋಡಿ. ನನ್ನ ಅನುಭವದಲ್ಲಿ ಶಾಫ್ಟಿನ ತೂಕ ಅದರ ಅಕ್ಷರಕ್ಕಿಂತ ಬೇಗ ಫಲ ತೋರಿಸುತ್ತದೆ. ತೂಕ ಹೊಂದಿದಾಗ ಆಟಗಾರನ ಲಯವೇ ಬದಲಾಗುತ್ತದೆ. ಹಗುರ ಶಾಫ್ಟಿನಲ್ಲಿ ಕೆಲವರು ಅವಸರ ಮಾಡುತ್ತಾರೆ, ಭಾರದ್ದು ಕೊಟ್ಟರೆ ತಾವಾಗಿ ನಿಧಾನ ಆಗುತ್ತಾರೆ. ಇನ್ನು ಕೆಲವರಿಗೆ ಭಾರದ್ದು ಹದಿನಾಲ್ಕನೇ ಹೋಲ್ ಹೊತ್ತಿಗೆ ಕೈ ಸೋಲಿಸುತ್ತದೆ. ಅದಕ್ಕೇ ಪರೀಕ್ಷೆಯ ಕೊನೆಯಲ್ಲಿ, ಮೈ ದಣಿದ ಮೇಲೆ, ಇಷ್ಟವಾದ ಕ್ಲಬ್ಬನ್ನು ಇನ್ನೊಮ್ಮೆ ಹೊಡೆಯಿರಿ. ಏಪ್ರಿಲ್ ಬಿಸಿಲಲ್ಲಿ ನಡೆದು ಆಡುವ ಆಟ ಇದು, ಎಸಿ ಕೋಣೆಯದ್ದಲ್ಲ.

ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಎಷ್ಟು ಅಗಲಕ್ಕೆ ಚೆದುರಿತು ಅಂತ ನೋಡಿ. ತೆರೆಯ ಮೇಲೆ ಬಾಲ್ ಬಿದ್ದ ಚುಕ್ಕೆಗಳ ಗುಂಪು ಎಡದಿಂದ ಬಲಕ್ಕೆ ಯಾವ ಕ್ಲಬ್‌ನಲ್ಲಿ ಕಿರಿದಾಗಿದೆಯೋ ಅದೇ ನಿಮ್ಮ ಕ್ಲಬ್, ಹತ್ತು ಗಜ ಕಡಿಮೆ ಹೋದರೂ ಸರಿ. ನಮ್ಮ ಬೆಂಗಳೂರಿನ ಕೆಜಿಎಯಲ್ಲಿ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಆಟ ಕಲಿತ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟಿನಲ್ಲಿ, ನಾಲ್ಕನೇ ಸ್ಥಾನ ಪಡೆದರಲ್ಲ, ಒಂದೇ ಸ್ಟ್ರೋಕ್‌ನಲ್ಲಿ ಪದಕ ತಪ್ಪಿತು. ಅಲ್ಲಿ ಆಡಿದವರಲ್ಲಿ ಟೀಯಿಂದ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರಿದ್ದರು. ನಾಲ್ಕು ದಿನ ಅವರ ಆಟ ನೋಡಲು ನಸುಕಿನಲ್ಲಿ ಎದ್ದು ಕೂತವರಿಗೆ ಇದು ನೆನಪಿರುತ್ತದೆ.

ನಿಮ್ಮ ಮುಂದಿರುವ ದಾರಿಗಳು

ಮೊದಲ ದಾರಿ ಏನನ್ನೂ ಕೊಳ್ಳದೆ ಮಾಡುವುದು. ಮಾರ್ಕರ್ ಪರೀಕ್ಷೆ, ಒಂದು ಇಂಚು ಕೆಳಗೆ ಹಿಡಿಯುವುದು, ಹೊಸ ಗ್ರಿಪ್, ಕೋಚ್ ಹತ್ತಿರ ಒಂದೆರಡು ಪಾಠ. ನಿಮ್ಮ ಡ್ರೈವರ್ ಐದು ವರ್ಷದ್ದು ಅಂದಮೇಲೆ ಶಾಫ್ಟ್ ಸೇರುವ ಜಾಗದಲ್ಲಿ ಲಾಫ್ಟ್ ಬದಲಿಸುವ ತಿರುಪು ಇರುವ ಸಾಧ್ಯತೆ ಜಾಸ್ತಿ. ಇದ್ದರೆ ಒಂದು ಡಿಗ್ರಿ ಏರಿಸಿ ನೋಡಿ. ಲಾಫ್ಟ್ ಏರಿಸಿದರೆ ಫೇಸ್ ಸ್ವಲ್ಪ ಮುಚ್ಚುತ್ತದೆ, ಲಾಫ್ಟ್ ಹೆಚ್ಚಿದಷ್ಟೂ ಬಾಲ್ ಪಕ್ಕಕ್ಕೆ ಬಾಗುವುದೂ ತಗ್ಗುತ್ತದೆ. "ಲಾಫ್ಟ್ ಏರಿಸಿದರೆ ಬಾಲ್ ಬರೀ ಮೇಲಕ್ಕೆ ಹೋಗುತ್ತೆ" ಅನ್ನುವ ಹೆದರಿಕೆ ನಿಮ್ಮ ವೇಗದವರಿಗೆ ಬೇಡ. ತಲೆಯಲ್ಲಿ ಸರಿಸುವ ತೂಕ ಇದ್ದರೆ ಅದನ್ನು ಹೀಲ್ ಕಡೆಗೆ ಹಾಕಿ. ಈ ದಾರಿಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ತಿಂಗಳು ಕೊಡಿ.

ಎರಡನೆಯದು, ಇರುವ ಕ್ಲಬ್ಬನ್ನೇ ತಿದ್ದುವುದು. ಕೆಳಗೆ ಹಿಡಿದಾಗ ಫಲ ಕಂಡರೆ ಗ್ರಿಪ್ ಕಡೆಯಿಂದ ಅರ್ಧ ಇಂಚೋ ಒಂದು ಇಂಚೋ ಕತ್ತರಿಸಬಹುದು. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು 3 ಪಾಯಿಂಟ್ ಇಳಿಯುತ್ತದೆ, ತಲೆ ಹಗುರ ಅನ್ನಿಸುತ್ತದೆ. ಅದನ್ನು ತುಂಬಲು ತಲೆಗೆ ಆರು ಗ್ರಾಂ ಸೀಸದ ಟೇಪ್ ಅಂಟಿಸುತ್ತೇವೆ, ಪಾಯಿಂಟಿಗೆ ಎರಡು ಗ್ರಾಂ ಲೆಕ್ಕ. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಿದರೆ ಮೊದಲಿನ ಹಾಗೆ ಇರುವುದಿಲ್ಲ, ಅದಕ್ಕೇ ಮೊದಲು ಅರ್ಧ ಇಂಚು. ತುದಿಯ ಕಡೆ ಕತ್ತರಿಸುವುದು ಬೇರೆಯೇ ಕೆಲಸ. ಅದರಿಂದ ಶಾಫ್ಟ್ ಗಡಸಾಗುತ್ತದೆ. ಯಾರಾದರೂ ಉದ್ದ ಇಳಿಸಲು ತುದಿ ಕತ್ತರಿಸಲು ಹೊರಟರೆ ಕ್ಲಬ್ ವಾಪಸ್ ತೆಗೆದುಕೊಳ್ಳಿ.

ಶಾಫ್ಟನ್ನೇ ಬದಲಿಸುವುದಾದರೆ ಮೊದಲು ಹಳೆಯದರ ತೂಕ, ಸಿಪಿಎಂ ಅಳೆಸಿ ಬರೆದಿಟ್ಟುಕೊಳ್ಳಿ. ಒಂದೊಂದು ಕಂಪನಿಯ ಡ್ರೈವರಿಗೆ ತುದಿಯಲ್ಲಿ ಹಾಕುವ ಅಡಾಪ್ಟರ್ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಗ್ರಾಫೈಟ್ ಶಾಫ್ಟ್ ಬಿಚ್ಚುವಾಗ ಅಂಟು ಮೆದುವಾಗುವಷ್ಟೇ ಬಿಸಿ ಕೊಟ್ಟು, ತಿರುಚದೆ ನೇರವಾಗಿ ಎಳೆಯುವ ಸಾಧನದಲ್ಲಿ ತೆಗೆಯಬೇಕು. ಬಿಸಿ ಜಾಸ್ತಿಯಾದರೆ, ಕೈಯಲ್ಲಿ ತಿರುಚಿದರೆ ಒಳಗಿನ ಎಳೆಗಳು ಬಿಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಟೀ ಮೇಲೆ ಮುರಿಯುತ್ತದೆ. ಆ ಸಾಧನ ಇಟ್ಟುಕೊಂಡವರ ಹತ್ತಿರ ಮಾತ್ರ ಮಾಡಿಸಿ. ಹೊಸ ಅಂಟು ಒಂದು ದಿನ ಒಣಗಲಿ.

ಮೂರನೆಯದು, ಹೊಸ ಡ್ರೈವರ್. ದೊಡ್ಡ ಬ್ರ್ಯಾಂಡಿನದ್ದು ಇಲ್ಲಿ ಅರ್ಧ ಲಕ್ಷದ ಆಸುಪಾಸಿನ ಮಾತು. ಮೇಲೆ ಹೇಳಿದ ಹಾಗೆ ಅದಲು ಬದಲು ಹೊಡೆದು ನೋಡಿದ ಮೇಲೂ ಅದು ಕಿರಿದಾಗಿ ಬಂದರೆ ಖಂಡಿತ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪರೀಕ್ಷೆಗೆ ಕೊಟ್ಟ ಶಾಫ್ಟೇ ಬರುವ ಕ್ಲಬ್‌ನಲ್ಲೂ ಇದೆಯಾ ಅಂತ ನೋಡಿ. ಹೆಸರು, ಬಣ್ಣ ಒಂದೇ ಇದ್ದು ಒಳಗಿನ ಕಟ್ಟು ಬೇರೆ ಇರುವ ಶಾಫ್ಟ್‌ಗಳಿವೆ. ತೂಕ ಮತ್ತು ಟಾರ್ಕ್ (ಶಾಫ್ಟ್ ಎಷ್ಟು ತಿರುಚುತ್ತದೆ ಅನ್ನುವ) ಅಂಕಿ ಹೋಲಿಸಿದರೆ ಗೊತ್ತಾಗುತ್ತದೆ.

ಭಾವಮೈದನ ಕೈಲಿ ತರಿಸುವ ವಿಷಯಕ್ಕೆ ನನ್ನ ಉತ್ತರ: ಈ ಸಲ ಬೇಡ. ಅಲ್ಲಿ ಬೆಲೆ ಕಡಿಮೆ ಇರಬಹುದು, ಒಪ್ಪುತ್ತೇನೆ. ಆದರೆ ನಿಮಗೆ ಬೇಕಾದ ಉದ್ದ, ತೂಕ, ಲಾಫ್ಟ್ ಇನ್ನೂ ಗೊತ್ತಿಲ್ಲ. ಅಲ್ಲಿಂದ ಬಂದದ್ದನ್ನು ವಾಪಸ್ ಕೊಡಲಾಗುವುದಿಲ್ಲ, ವಾರಂಟಿಗೆ ಇಲ್ಲಿ ಓಡಾಡಬೇಕಾಗುತ್ತದೆ, ಕಸ್ಟಮ್ಸ್‌ನಲ್ಲಿ ಸುಂಕದ ಪ್ರಶ್ನೆಯೂ ಬರಬಹುದು. ಮುಂದಿನ ಸಲಕ್ಕೆ ನಿಮ್ಮ ಅಳತೆ ಬರೆದು ಕಳಿಸಿದರೆ ಆಗ ತರಿಸುವುದಕ್ಕೆ ಅರ್ಥ ಇರುತ್ತದೆ. ಅವನು ಕೊಳ್ಳುವುದು ಅಧಿಕೃತ ಅಂಗಡಿಯಲ್ಲೇ ಆಗಲಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ "ಹೊಸದು" ಅಂತ ಸಿಗುವ ಡ್ರೈವರ್‌ಗಳಲ್ಲಿ ನಕಲಿ ಬಹಳ. ತಲೆಯ ಮೇಲಿನ ಅಕ್ಷರದ ಅಂಚು ಮಾಸಲು, ಶಾಫ್ಟ್ ಸ್ಟಿಕ್ಕರ್ ಸ್ವಲ್ಪ ಓರೆ, ಸರಣಿ ಸಂಖ್ಯೆ ಇಲ್ಲ ಅಥವಾ ಕಂಪನಿಯವರಿಗೆ ಕೇಳಿದರೆ ಅದು ಅವರಲ್ಲಿ ಇಲ್ಲ, ಹೀಗೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಅದರಲ್ಲೂ ಗೊತ್ತಿರುವ ಸದಸ್ಯರಿಂದ. ಮೂರು ನಾಲ್ಕು ವರ್ಷದ ಒಳ್ಳೆಯ ಡ್ರೈವರ್ ನಿಮ್ಮ ಹಂತಕ್ಕೆ ಧಾರಾಳ ಸಾಕು.

ಕೊನೆಗೆ ಐರನ್. ಗೆಳೆಯರ 7 ಐರನ್ 20 ಗಜ ಮುಂದೆ ಹೋದದ್ದರಲ್ಲಿ ಆಶ್ಚರ್ಯ ಇಲ್ಲ. ಹಿಂದೆಲ್ಲ 7 ಐರನ್ ಅಂದರೆ 34, 35 ಡಿಗ್ರಿ ಲಾಫ್ಟ್. ಈಗ ಹವ್ಯಾಸಿಗಳಿಗೆ ಅಂತ ಮಾಡುವ ಸೆಟ್ಟುಗಳಲ್ಲಿ 28ರಿಂದ 30 ಡಿಗ್ರಿ. ಅಡಿಯಲ್ಲಿ 7 ಅಂತ ಬರೆದಿದೆ, ಕೆಲಸ ಹಳೆಯ 5 ಅಥವಾ 6ರದ್ದು. ಆ ಸೆಟ್ಟಿನ ತಲೆಗಳು ಬಾಲನ್ನು ಎತ್ತರಕ್ಕೆ ಏರಿಸುವುದರಲ್ಲಿ ನಿಜವಾಗಿಯೂ ಚೆನ್ನಾಗಿವೆ. ಆದರೆ ಪಿಚಿಂಗ್ ವೆಜ್ (ಹತ್ತಿರದ ಹೊಡೆತದ ಕ್ಲಬ್) 43 ಡಿಗ್ರಿ ಆಗಿಬಿಟ್ಟರೆ ಅದಕ್ಕೂ 56ರ ಸ್ಯಾಂಡ್ ವೆಜ್‌ಗೂ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ, ಅದನ್ನು ತುಂಬಲು ಒಂದೋ ಎರಡೋ ವೆಜ್ ಬೇಕಾಗುತ್ತದೆ. ಚೀಲದಲ್ಲಿ ಹದಿನಾಲ್ಕಕ್ಕಿಂತ ಜಾಸ್ತಿ ಕ್ಲಬ್ ಇಡುವ ಹಾಗಿಲ್ಲ.

ನಿಮ್ಮ ಐರನ್‌ಗಳಲ್ಲಿ ದೂರಕ್ಕಿಂತ ಮೊದಲು ಲೈ ಕೋನ, ಅಂದರೆ ತಲೆ ನೆಲಕ್ಕೆ ಕೂತಾಗ ಶಾಫ್ಟ್ ಎಷ್ಟು ಓರೆ ನಿಲ್ಲುತ್ತದೆ ಅನ್ನುವುದನ್ನು ನೋಡಿಸಿ. ಬಾಲಿನ ಮೇಲೆ ಅದೇ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಕ್ಲಬ್ ಫೇಸ್ ಕಡೆಗೆ ನೋಡುವ ಹಾಗೆ ಇಟ್ಟು 7 ಐರನ್‌ನಲ್ಲಿ ಹೊಡೆಯಿರಿ. ಫೇಸ್ ಮೇಲೆ ಮೂಡಿದ ಗೆರೆ, ಅದರ ಅಡ್ಡ ಗೆರೆಗಳಿಗೆ ನೇರವಾಗಿ ನಿಂತಿದ್ದರೆ ಲೈ ಸರಿ ಇದೆ. ಮೇಲ್ತುದಿ ಹೀಲ್ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ತೀರಾ ಚಪ್ಪಟೆ, ಬಾಲ್ ಬಲಕ್ಕೆ ಹೋಗುತ್ತದೆ. ಟೋ ಕಡೆಗೆ ವಾಲಿದ್ದರೆ ತೀರಾ ನೆಟ್ಟಗೆ, ಬಾಲ್ ಎಡಕ್ಕೆ. ಒಂದು ಡಿಗ್ರಿ ತಪ್ಪಿದರೆ 7 ಐರನ್ ದೂರದಲ್ಲಿ ಮೂರು ನಾಲ್ಕು ಗಜ ಪಕ್ಕಕ್ಕೆ. ಬಡಿದು ಮಾಡಿದ ಫೋರ್ಜ್ಡ್ ತಲೆಯಾದರೆ ಒಂದೆರಡು ಡಿಗ್ರಿ ಬಗ್ಗಿಸುವುದು ಅರ್ಧ ಗಂಟೆಯ ಕೆಲಸ. ಅಚ್ಚಿನಲ್ಲಿ ಎರಕ ಹೊಯ್ದ ತಲೆಗಳಲ್ಲಿ ಕೆಲವು ಬಗ್ಗುವುದಿಲ್ಲ, ಬಲವಂತ ಮಾಡಿದರೆ ಮುರಿಯುತ್ತವೆ, ಕೇಳಿಕೊಂಡು ಮಾಡಿಸಿ. ಶಾಫ್ಟ್ ಉಕ್ಕಿನದಾಗಿದ್ದರೆ ತೂಕ ಎಷ್ಟು ಅಂತ ನೋಡಿ. 130 ಗ್ರಾಂ ಹತ್ತಿರ ಇದ್ದರೆ 95, 105 ಗ್ರಾಂನದ್ದು ಒಮ್ಮೆ ಹೊಡೆದು ನೋಡಿ. ಮೊಣಕೈ ನೋವು ಇದ್ದರಂತೂ ಗ್ರಾಫೈಟ್‌ಗೆ ಬದಲಾಯಿಸಿ, ಅದಕ್ಕೆ ವಯಸ್ಸಿನ ಮುಜುಗರ ಬೇಡ. ಈ ಪರೀಕ್ಷೆಗಳಿಗೆ ಬರುವಾಗ ಡ್ರೈವರ್ ಮಾತ್ರ ಅಲ್ಲ, 7 ಐರನ್ನೂ ನೀವು ಕೋರ್ಸಿನಲ್ಲಿ ಆಡುವ ಬಾಲ್‌ಗಳನ್ನೂ ತನ್ನಿ. ರೇಂಜ್‌ನ ಸವೆದ ಬಾಲ್‌ನಲ್ಲಿ ಯಾವ ಲೆಕ್ಕವೂ ಸರಿ ಬರುವುದಿಲ್ಲ.